ಕರಾವಳಿಯಲ್ಲಿ ಹಳೇ ಸ್ಪೋರ್ಟ್ಸ್ ಕಾರು: ಮನೆ ಅಂಗಳದಲ್ಲೇ ರಿಪೇರಿ, ಆರೈಕೆ ಮತ್ತು ತೂಕ ಇಳಿಸುವ ಕೆಲಸ

ಹಳೇ ಸ್ಪೋರ್ಟ್ಸ್ ಕಾರಿನ ತೂಕ ಇಳಿಸುತ್ತೇನೆ ಅಂತ ಹೊರಟವರು ಮೊದಲು ಬಿಚ್ಚುವುದು ಹಿಂದಿನ ಸೀಟನ್ನು. ನಮ್ಮ ಮಂಗಳೂರು, ಉಡುಪಿ ಕಡೆಯ ಕಾರಾದರೆ ಮೊದಲು ಎತ್ತಿ ನೋಡಬೇಕಾದ್ದು ಕಾರ್ಪೆಟ್ಟು. ಅದರಡಿಯ ದಪ್ಪ ಪದರ ಒಮ್ಮೆ ನೀರು ಕುಡಿದರೆ ಮಳೆಗಾಲ ಮುಗಿಯುವ ತನಕ ಒಣಗುವುದಿಲ್ಲ. ಆ ನೀರೂ ತೂಕವೇ ಅಲ್ವಾ? ಫ್ಲೋರನ್ನು ತಿಂದು ಹಾಕುವುದೂ ಅದೇ ನೀರು. ಹಾಗಾಗಿ ಇಲ್ಲಿ ರಿಪೇರಿ ಬೇರೆ, ತೂಕ ಇಳಿಸುವುದು ಬೇರೆ ಅಂತ ಇಲ್ಲ. ಮೊದಲು ನೀರು ನಿಲ್ಲಿಸಬೇಕು, ಆಮೇಲೆ ತುಕ್ಕು, ಆಮೇಲೆ ಬ್ರೇಕು, ಆಮೇಲೆ ಎಂಜಿನ್ನು. ತೂಕಕ್ಕೆ ಕೈ ಹಾಕುವುದು ಇಷ್ಟೆಲ್ಲ ಆದ ಮೇಲೆ. ಈ ಕ್ರಮ ತಪ್ಪಿಸಿದರೆ ಹಗುರವಾದ ಆದರೆ ನಂಬಲಾಗದ ಕಾರು ಕೈಗೆ ಬರುತ್ತದೆ, ಅಂಥದ್ದನ್ನು ಘಾಟಿಯಲ್ಲಿ ಇಳಿಸಲು ಯಾರಿಗೂ ಧೈರ್ಯ ಬರುವುದಿಲ್ಲ.

ಯಾವ ಕಾರಿನ ಬಗ್ಗೆ ಹೇಳುತ್ತಿದ್ದೇನೆ ಅಂತ ಮೊದಲೇ ಹೇಳಿಬಿಡುತ್ತೇನೆ. ಎರಡೇ ಸೀಟು, ತೆಗೆಯುವ ಟಾಪು ಇದ್ದರೆ ಮಾತ್ರ ಸ್ಪೋರ್ಟ್ಸ್ ಕಾರು ಅಂತ ಲೆಕ್ಕ ಹಿಡಿದರೆ, ನಮ್ಮ ದೇಶದಲ್ಲೇ ತಯಾರಾದ ಹಳೇ ಕಾರುಗಳಲ್ಲಿ ನೆನಪಿಗೆ ಬರುವುದು ಸ್ಯಾನ್ ಸ್ಟಾರ್ಮ್. ಗೋವಾದಲ್ಲಿ ತಯಾರಾದದ್ದು, ಫೈಬರ್ ಬಾಡಿ, ರೆನೋ ಕಂಪನಿಯ 1149 ಸಿಸಿ ಎಂಜಿನ್, ಸುಮಾರು 60 ಅಶ್ವಶಕ್ತಿ. ಉಳಿದವರ ಹತ್ತಿರ ಇರುವುದು ಹೋಂಡಾ ಸಿಟಿ 1.5 ವಿಟೆಕ್, ಫಿಯೆಟ್ ಪಾಲಿಯೋ 1.6, ಫೋರ್ಡ್ ಐಕಾನ್ 1.6, ಮಾರುತಿ ಎಸ್ಟೀಮ್, ಹಳೇ ಬಲೆನೋ. ಬಾಗಿಲು ನಾಲ್ಕಿದ್ದರೂ ಓಡಿಸುವಾಗ ಸಿಗುವ ಗಮ್ಮತ್ತು ಸ್ಪೋರ್ಟ್ಸ್ ಕಾರಿನದ್ದೇ. ಹೆಚ್ಚುಕಮ್ಮಿ ಒಂದು ಟನ್ ತೂಕ, ನೂರರ ಆಚೀಚೆ ಅಶ್ವಶಕ್ತಿ. ಇಂಥ ಕಾರಿನಿಂದ 50 ಕೆ.ಜಿ. ಇಳಿಸಿದರೆ ವೇಗ ಹಿಡಿಯುವಾಗ ಎಂಜಿನ್ನಿಗೆ 5 ಅಶ್ವಶಕ್ತಿ ಸೇರಿಸಿದಷ್ಟೇ ಲಾಭ. ಎಂಜಿನ್ ಟ್ಯೂನಿಂಗಿನಲ್ಲಿ ಸಿಗದ ಇನ್ನೊಂದು ಲಾಭವೂ ಇದರಲ್ಲಿ ಉಂಟು: ತಿರುವಿನಲ್ಲೂ ಬ್ರೇಕ್ ಹಿಡಿಯುವಾಗಲೂ ಅದೇ 50 ಕೆ.ಜಿ. ಕಡಿಮೆ.

ಜಾಗ, ಜಾಕು

ಅಂಗಳದಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಮೇಲೆ ಕಾರು ನಿಲ್ಲಿಸಬೇಡಿ. ಮನೆ ಪಕ್ಕದಲ್ಲೇ ರಾಶಿ ಬಿದ್ದಿರುತ್ತದೆ, ಎತ್ತರವೂ ಸರಿ ಇರುತ್ತದೆ, ಮನೆಯನ್ನೇ ಹೊರುವ ಕಲ್ಲು ಅಂತ ಧೈರ್ಯವೂ ಇರುತ್ತದೆ. ಗೋಡೆಯಲ್ಲಿ ಅದರ ಮೇಲೆ ಭಾರ ಸಮನಾಗಿ ಹರಡಿರುತ್ತದೆ. ಕಾರಿನ ಅಡಿಯ ಒಂದು ಸಣ್ಣ ಅಂಚು ಅದರ ಮೇಲೆ ಕೂತರೆ ಮಾತ್ರ ತೂತು ತೂತಾದ ಆ ಕಲ್ಲು ಮುನ್ಸೂಚನೆ ಇಲ್ಲದೆ ಒಡೆಯುತ್ತದೆ. ಟೊಳ್ಳು ಸಿಮೆಂಟ್ ಬ್ಲಾಕಿನ ಕಥೆಯೂ ಅದೇ. ಕಬ್ಬಿಣದ ಜಾಕ್ ಸ್ಟ್ಯಾಂಡ್ ಒಂದು ಜೊತೆ ತೆಗೆದುಕೊಳ್ಳಿ. ಬೇರೆ ಯಾವ ಟೂಲ್ ಆದರೂ ಸಾಲ ತರಬಹುದು, ಇದು ಮಾತ್ರ ಸ್ವಂತದ್ದೇ ಇರಲಿ.

ಮಳೆ ಬಿದ್ದ ಮಣ್ಣಿನಲ್ಲಿ ಜಾಕು ಮೆಲ್ಲಗೆ ಹೂತು ಓರೆಯಾಗುತ್ತದೆ. ಅಡಿಗೆ ದಪ್ಪ ಪ್ಲೈವುಡ್ ಹಲಗೆ ಹಾಕಿ. ನೆಲದಲ್ಲೇ ಇರುವ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಸ್ಟ್ಯಾಂಡಿನ ಮೇಲೆ ಕೂರಿಸಿದ ಮೇಲೆ ಕಾರನ್ನು ಭುಜ ಕೊಟ್ಟು ಚೆನ್ನಾಗಿ ಅಲ್ಲಾಡಿಸಿ ನೋಡಿ. ಅಲ್ಲಾಡಿ ಬೀಳುವುದಿದ್ದರೆ ನೀವು ಅಡಿಗೆ ಹೋಗುವ ಮೊದಲೇ ಬೀಳಲಿ. ಬಿಚ್ಚಿದ ಚಕ್ರವನ್ನು ಕಾರಿನಡಿಗೇ ಮಲಗಿಸಿಡಿ.

ಮೇಲೆ ಶೀಟು ಇಲ್ಲವಾದರೆ ದೊಡ್ಡ ಕೆಲಸಗಳನ್ನು ನವೆಂಬರಿನಿಂದ ಫೆಬ್ರವರಿ ಒಳಗೆ ಇಟ್ಟುಕೊಳ್ಳಿ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೆ ಸುರಿದು ಹೋಗುತ್ತದೆ. ಆ ತಿಂಗಳುಗಳಲ್ಲಿ ಬರಿ ಲೋಹದ ಮೇಲೆ ಪ್ರೈಮರ್ ಹೊಡೆದರೆ ತೇವದ ಮೇಲೇ ಹೊಡೆದ ಹಾಗೆ, ಒಂದೇ ವರ್ಷದಲ್ಲಿ ಗುಳ್ಳೆ ಏಳುತ್ತದೆ.

ನೀರು ಎಲ್ಲಿಂದ ಬರುತ್ತದೆ?

ಸೀಟುಗಳನ್ನು ಬಿಚ್ಚಿ, ಕಾರ್ಪೆಟ್ ಪೂರ್ತಿ ಹೊರಗೆ ತೆಗೆಯಿರಿ. ಮುಂದಿನ ಸೀಟಿನ ಅಡಿಯಲ್ಲಿ ಹಳದಿ ಬಣ್ಣದ ವಯರು ಅಥವಾ ಹಳದಿ ಪ್ಲಗ್ ಕಂಡರೆ ಅದು ಏರ್‌ಬ್ಯಾಗಿನದ್ದು ಅಥವಾ ಬೆಲ್ಟ್ ಬಿಗಿಸುವ ಸಾಧನದ್ದು. ಮೊದಲು ಬ್ಯಾಟರಿ ಬಿಚ್ಚಿ, ಹತ್ತು ನಿಮಿಷ ಬಿಟ್ಟು ಆಮೇಲೆ ಮುಟ್ಟಿ.

ಈಗ ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಬೇಕು. ಜೋರಾಗಿ ಹಾಯಿಸಬೇಡಿ. ಕೆಳಗಿನಿಂದ ಶುರುಮಾಡಿ ಮೆಲ್ಲಗೆ ಮೇಲಕ್ಕೆ ಬನ್ನಿ, ಒಂದೊಂದು ಜಾಗದಲ್ಲಿ ಐದು ನಿಮಿಷ. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲ ಕಡೆ ಇಳಿದು, ಯಾವ ತೂತಿನಿಂದ ಬಂತು ಅಂತ ಗೊತ್ತೇ ಆಗುವುದಿಲ್ಲ.

ಹೆಚ್ಚಾಗಿ ಸಿಗುವ ಕಳ್ಳರು ಮೂರು. ವೈಪರ್ ಕೆಳಗಿನ ಗಾಳಿ ಡಬ್ಬಿಯ ಡ್ರೈನ್ ತೂತು ಮೊದಲನೆಯದು. ಮಾವಿನ ಮರದ ಅಡಿ ನಿಲ್ಲಿಸಿದ ಕಾರಾದರೆ ಅಲ್ಲಿ ಎಲೆ, ಹೂವು ಕೊಳೆತು ಗೊಬ್ಬರವೇ ಆಗಿರುತ್ತದೆ. ನೀರು ಹೊರಹೋಗಲು ದಾರಿ ಇಲ್ಲದೆ ಬ್ಲೋವರ್ ಮೂಲಕ ಎಡಬದಿ ಸೀಟಿನವರ ಕಾಲ ಬುಡಕ್ಕೆ ಇಳಿಯುತ್ತದೆ. ಎರಡನೆಯದು ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಹಾಳೆ. ಬಾಗಿಲಿನೊಳಗೆ ನೀರು ಬರುವುದು ಸಹಜ, ಅದು ಕೆಳಗಿನ ತೂತಿನಿಂದ ಹೊರಗೆ ಹೋಗಬೇಕು. ಸ್ಪೀಕರ್ ಹಾಕಿದವರು ಆ ಹಾಳೆ ಹರಿದು ಹಾಗೇ ಬಿಟ್ಟಿದ್ದರೆ ನೀರು ಕ್ಯಾಬಿನ್ನಿಗೆ ಬರುತ್ತದೆ. ದಪ್ಪ ಪಾಲಿಥೀನ್ ಮತ್ತು ಬ್ಯೂಟೈಲ್ ಟೇಪಿನಲ್ಲಿ ಹೊಸದು ಮಾಡಿಕೊಳ್ಳಿ. ಮೂರನೆಯದು ಹಿಂದಿನ ಲೈಟಿನ ರಬ್ಬರು. ಸ್ಪೇರ್ ಟಯರ್ ಗುಂಡಿಯಲ್ಲಿ ನೀರು ನಿಂತಿದ್ದರೆ ಕಾರಣ ಹೆಚ್ಚಾಗಿ ಅದೇ.

ಒದ್ದೆ ಕಾರ್ಪೆಟ್ಟನ್ನು ತೆಗೆದ ಕೂಡಲೇ ತೂಕ ಮಾಡಿ, ಬಿಸಿಲಲ್ಲಿ ಪೂರ್ತಿ ಒಣಗಿಸಿ ಮತ್ತೆ ತೂಕ ಮಾಡಿ. ಇಲ್ಲಿಂದಲೇ ಒಂದು ಪುಸ್ತಕದಲ್ಲಿ ಬರೆಯಲು ಶುರುಮಾಡಿ. ತೆಗೆದದ್ದು ಎಷ್ಟು, ಹಾಕಿದ್ದು ಎಷ್ಟು, ಎರಡೂ.

ತುಕ್ಕು

ಇದಕ್ಕೆ ಸಮಯ ಕೊಡಿ. ಕರಾವಳಿಯ ಕಾರನ್ನು ಕೊಲ್ಲುವುದು ಎಂಜಿನ್ ಅಲ್ಲ, ತುಕ್ಕು. ಸಮುದ್ರದ ಗಾಳಿಯ ಉಪ್ಪು ಅಡಿಭಾಗದ ಸಂದಿಗಳಲ್ಲಿ ಕೂತಿರುತ್ತದೆ, ಉಪ್ಪು ತೇವ ಎಳೆಯುತ್ತದೆ, ಹಾಗಾಗಿ ಮಳೆ ಇಲ್ಲದ ದಿನವೂ ಅಲ್ಲಿ ಒಣಗುವುದಿಲ್ಲ. ಮಲ್ಪೆ, ಪಣಂಬೂರು, ಸುರತ್ಕಲ್ ಕಡೆ ಕಡಲ ಬದಿಯಲ್ಲೇ ಮನೆ ಇರುವವರು ವಾರಕ್ಕೊಮ್ಮೆ ಅಡಿಭಾಗಕ್ಕೆ ಸಿಹಿನೀರು ಹಾಯಿಸಿದರೂ ದೊಡ್ಡ ವ್ಯತ್ಯಾಸ ಆಗುತ್ತದೆ. ಸಿಹಿನೀರೇ ಇರಬೇಕು. ಕಡಲ ಹತ್ತಿರದ ಕೆಲವು ಬಾವಿಗಳಲ್ಲಿ ಬೇಸಿಗೆಯಲ್ಲಿ ಉಪ್ಪು ಬರುತ್ತದೆ, ಅದನ್ನು ಹಾಯಿಸಿದರೆ ಮಾಡಿದ್ದೆಲ್ಲ ಉಲ್ಟಾ.

ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ. ಬಾಗಿಲ ಕೆಳಗಿನ ಪಟ್ಟಿ, ಜಾಕ್ ಕೊಡುವ ಜಾಗ, ಚಕ್ರದ ಮೇಲಿನ ಅಂಚಿನ ಒಳಮಡಿಕೆ, ಬ್ಯಾಟರಿ ತಟ್ಟೆಯ ಅಡಿ, ಸಸ್ಪೆನ್ಷನ್ ಸ್ಟ್ರಟ್ಟಿನ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರಿನ ಕಂಬದ) ತಲೆ ಕೂರುವ ಜಾಗ. ಗಟ್ಟಿ ತಗಡು ಟಣ್ ಅನ್ನುತ್ತದೆ, ತಿಂದು ಹೋದದ್ದು ಮಂಕಾಗಿ ಡಬ್ ಅನ್ನುತ್ತದೆ. ಸದ್ದು ಬದಲಾದ ಕಡೆ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ. ಒಳಗೆ ಹೋಯಿತಾ? ಒಳ್ಳೆಯದೇ ಆಯಿತು, ಈಗ ಗೊತ್ತಾಯಿತಲ್ಲ. ಜಾಕ್ ಪಾಯಿಂಟ್, ಸ್ಟ್ರಟ್ ತಲೆ, ಸೀಟ್ ಬೆಲ್ಟ್ ಬೋಲ್ಟಿನ ಸುತ್ತ ತೂತು ಬಿದ್ದಿದ್ದರೆ ಅದು ಮನೆ ಕೆಲಸ ಅಲ್ಲ. ಹಳೇದನ್ನು ಕತ್ತರಿಸಿ ಹೊಸ ತಗಡು ಬೆಸೆಯಬಲ್ಲ ಒಳ್ಳೇ ವೆಲ್ಡರನ್ನು ಹುಡುಕಿ. ವೆಲ್ಡಿಂಗಿಗೆ ಮೊದಲು ಬ್ಯಾಟರಿ, ಆಲ್ಟರ್ನೇಟರ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪ್ಲಗ್ ಬಿಚ್ಚಿಸಿ, ಪೆಟ್ರೋಲ್ ಪೈಪು ಎಲ್ಲಿ ಹಾದುಹೋಗಿದೆ ಅಂತ ಅವರಿಗೆ ತೋರಿಸಿ. ಪುಟ್ಟಿ ಮೆತ್ತಿ ಮುಚ್ಚಿಕೊಡುತ್ತೇನೆ ಅಂದರೆ ಒಪ್ಪಬೇಡಿ.

ಮೇಲ್ಮೈ ತುಕ್ಕನ್ನು ನೀವೇ ತೆಗೆಯಬಹುದು. ವಯರ್ ಬ್ರಶ್ಶಿನಿಂದ ಹೊಳೆಯುವ ಲೋಹ ಬರುವ ತನಕ ಉಜ್ಜಿ, ಗುಂಡಿಗಳಲ್ಲಿ ಉಳಿದ ಕಪ್ಪಿಗೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿ. ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು, ಹೇಳಿದ ಹಾಗೆ ಒರೆಸಿ ಒಣಗಿಸಿ. ಆಮೇಲೆ ಎಪಾಕ್ಸಿ ಪ್ರೈಮರ್, ಜೋಡಣೆಗಳ ಮೇಲೆ ಸೀಮ್ ಸೀಲರ್, ಕೊನೆಗೆ ಪೇಂಟು. ಬಾಗಿಲ ಕೆಳಗಿನ ಪಟ್ಟಿಯಂಥ ಟೊಳ್ಳು ಜಾಗಗಳಿಗೆ ರಬ್ಬರ್ ಬಿರಡೆ ತೆಗೆದು, ಉದ್ದ ಟ್ಯೂಬಿನಲ್ಲಿ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿ. ಒಳಗಿನಿಂದ ಶುರುವಾಗುವ ತುಕ್ಕಿಗೆ ಇಷ್ಟು ಚೆನ್ನಾದ ಮದ್ದು ಬೇರೆ ಇಲ್ಲ. ವ್ಯಾಕ್ಸ್ ಹಾಕಿದ ಮೇಲೆ ಕೆಳಗಿನ ಡ್ರೈನ್ ತೂತುಗಳಿಗೆ ಕಡ್ಡಿ ಹಾಕಿ ತೆರೆದಿವೆಯಾ ನೋಡಿ.

ಅಡಿಭಾಗಕ್ಕೆ ದಪ್ಪ ಟಾರಿನ ಕೋಟಿಂಗ್ ಮಾಡಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಹೊಸ ಕಾರಿಗೆ ಸರಿ ಇರಬಹುದು. ಹಳೇ ಕಾರಿನಲ್ಲಿ ಅದು ಬಿರುಕು ಬಿಟ್ಟು, ಬಿರುಕಿನೊಳಗೆ ನೀರು ಹಿಡಿದು, ಹೊರಗೆ ಕಪ್ಪಗೆ ಚಂದ ಕಾಣುತ್ತಾ ಒಳಗೆ ತಗಡನ್ನು ಮುಗಿಸುತ್ತದೆ. ಮೇಲೆ ಮೇಲೆ ಬಳಿದ ಕೋಟಿಂಗು ಸುಮ್ನೆ ಭಾರ ಬೇರೆ. ಸಡಿಲವಾದದ್ದನ್ನೆಲ್ಲ ಕೆರೆದು ತೆಗೆಯಿರಿ.

ಫೈಬರ್ ಬಾಡಿ ಇರುವವರಿಗೆ ನಮ್ಮೂರಲ್ಲಿ ಒಂದು ಅನುಕೂಲ ಉಂಟು. ಮಲ್ಪೆ, ಮಂಗಳೂರು ಕಡೆ ಮೀನುಗಾರಿಕೆಗೆ ಫೈಬರ್ ದೋಣಿ ಕಟ್ಟುವವರಿದ್ದಾರೆ. ರೆಸಿನ್ (ಗಟ್ಟಿಯಾಗುವ ಅಂಟು), ಮ್ಯಾಟ್ (ಗಾಜಿನ ನಾರಿನ ಹಾಳೆ) ಎಲ್ಲಿ ಒಳ್ಳೆಯದು ಸಿಗುತ್ತದೆ ಅಂತ ಅವರಿಗೆ ಗೊತ್ತು, ಕೈಕೆಲಸವೂ ಗೊತ್ತು. ಬಿರುಕನ್ನು ಬರೀ ಮೇಲಿನಿಂದ ತುಂಬಬೇಡಿ. ಎರಡೂ ಕಡೆ ಇಳಿಜಾರಾಗಿ ತೇಯ್ದು, ಹಿಂಬದಿಯಿಂದ ಮ್ಯಾಟಿನ ಪದರ ಕೊಟ್ಟು, ಆಮೇಲೆ ಮುಂಬದಿ ಮಾಡಿ. ಗಟ್ಟಿಯಾಗಿಸುವ ಹಾರ್ಡನರನ್ನು ಸಾಮಾನ್ಯವಾಗಿ ರೆಸಿನ್ನಿನ ತೂಕದ 1ರಿಂದ 2 ಶೇಕಡಾದಷ್ಟೇ ಹಾಕುವುದು. ನಮ್ಮ ಸೆಕೆಯಲ್ಲಿ ಬೇಗ ಹಿಡಿಯುತ್ತದೆ, ಸ್ವಲ್ಪ ಸ್ವಲ್ಪವೇ ಕಲಸಿ. ಕೋಬಾಲ್ಟ್ ವೇಗವರ್ಧಕವನ್ನೂ ಹಾರ್ಡನರನ್ನೂ ನೇರವಾಗಿ ಒಂದಕ್ಕೊಂದು ಯಾವತ್ತೂ ಬೆರೆಸಬಾರದು, ಸ್ಫೋಟವಾಗುತ್ತದೆ. ಬಾಡಿಗೆ ತುಕ್ಕು ಇಲ್ಲ ಅಂತ ನಿಶ್ಚಿಂತೆ ಬೇಡ, ಅದರಡಿಯ ಕಬ್ಬಿಣದ ಚಾಸಿಗೆ ತುಕ್ಕು ಬಂದೇ ಬರುತ್ತದೆ.

ಬ್ರೇಕು

ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಅದರ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು ಅಂತ ನಿಯಮ. ನೀರು ಹೀರಿದ ಮೇಲಿನ ಕನಿಷ್ಠ ಮಟ್ಟ 155 ಡಿಗ್ರಿ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹೇರ್‌ಪಿನ್ ತಿರುವು ಇಳಿಯುವಾಗ ಬ್ರೇಕ್ ಕಾದರೆ ಈ ಹಳೇ ಆಯಿಲ್ ಕುದಿದು ಪೈಪಿನಲ್ಲಿ ಆವಿ ತುಂಬುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲು ನೆಲಕ್ಕೆ ಹೋಗುತ್ತದೆ. ಬೇರೆ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು ಅನ್ನಬಹುದು. ನಮ್ಮ ಹವೆಗೆ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಕೂಡಲೇ.

ಬದಲಿಸುವುದು ಹೀಗೆ. ಮೇಲಿನ ಡಬ್ಬಿಯ ಕಪ್ಪು ಆಯಿಲನ್ನು ಸಿರಿಂಜಿನಲ್ಲಿ ಎಳೆದು ತೆಗೆದು ಹೊಸದು ತುಂಬಿ. ಹೆಚ್ಚಿನ ಕಾರುಗಳಲ್ಲಿ ಮಾಸ್ಟರ್ ಸಿಲಿಂಡರಿನಿಂದ (ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಭಾಗದಿಂದ) ದೂರದ ಚಕ್ರದಿಂದ ಶುರು. ಕೆಲವದರಲ್ಲಿ ಕ್ರಮ ಬೇರೆ, ಮ್ಯಾನುಯಲ್ ನೋಡಿಕೊಳ್ಳಿ. ಚಕ್ರದ ಹತ್ತಿರ ಆಯಿಲ್ ಹೊರಬಿಡಲೆಂದು ಇರುವ ಬ್ಲೀಡ್ ನಿಪ್ಪಲಿಗೆ ಪಾರದರ್ಶಕ ಟ್ಯೂಬು ಹಾಕಿ, ಇನ್ನೊಂದು ತುದಿ ಬಾಟಲಿಯ ಆಯಿಲಿನೊಳಗೆ ಮುಳುಗಿರಲಿ. ಒಳಗಿದ್ದವರು ಪೆಡಲ್ ಒತ್ತಿ ಹಿಡಿದಾಗ ನಿಪ್ಪಲ್ ಬಿಡಿಸಿ, ಪೆಡಲು ಬಿಡುವ ಮೊದಲು ಮುಚ್ಚಿ. ಟ್ಯೂಬಿನಲ್ಲಿ ಟೀ ಬಣ್ಣ ಹೋಗಿ ತಿಳಿ ಹಳದಿ ಬರುವ ತನಕ, ಗುಳ್ಳೆ ನಿಲ್ಲುವ ತನಕ. ನಡುನಡುವೆ ಮೇಲಿನ ಡಬ್ಬಿ ನೋಡುತ್ತಿರಿ, ಅದು ಖಾಲಿಯಾದರೆ ಮತ್ತೆ ಮೊದಲಿನಿಂದ.

ಇಲ್ಲೊಂದು ಸೂಕ್ಷ್ಮ ಉಂಟು. ಹಳೇ ಮಾಸ್ಟರ್ ಸಿಲಿಂಡರಿನಲ್ಲಿ ಪಿಸ್ಟನ್ ದಿನವೂ ಓಡಾಡುವ ಭಾಗ ಮಾತ್ರ ನುಣುಪಾಗಿರುತ್ತದೆ. ಅದರ ಮುಂದೆ ತುಕ್ಕು, ಕಿಟ್ಟ ಕಟ್ಟಿರುತ್ತದೆ. ಬ್ಲೀಡ್ ಮಾಡುವಾಗ ಪೆಡಲನ್ನು ನೆಲದ ತನಕ ಒತ್ತಿದರೆ ಸೀಲಿನ ತುಟಿ ಆ ಒರಟು ಜಾಗಕ್ಕೆ ಉಜ್ಜಿ ಹರಿಯುತ್ತದೆ. ಬ್ರೇಕ್ ಸರಿಮಾಡಲು ಹೋಗಿ ಬ್ರೇಕೇ ಹೋಯಿತು ಅಂತ ಜನ ಹೇಳುವುದು ಇದಕ್ಕೇ. ಪೆಡಲಿನ ಹಿಂದೆ ಒಂದು ಮರದ ತುಂಡು ಇಡಿ, ಪೆಡಲು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹೋಗಿ ಅದಕ್ಕೆ ತಾಗಿ ನಿಲ್ಲಲಿ.

ಬ್ರೇಕಿನ ಕಬ್ಬಿಣದ ಪೈಪನ್ನು ಹಿಡಿದಿರುವ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ. ಪೈಪು ಉದ್ದಕ್ಕೂ ಚೆನ್ನಾಗಿದ್ದು ಕ್ಲಿಪ್ಪಿನೊಳಗೆ ಮಾತ್ರ ಸಿಪ್ಪೆ ಎದ್ದಿರುವುದು ನಮ್ಮ ಕಡೆ ಮಾಮೂಲು, ಅಲ್ಲಿ ಉಪ್ಪು ಕೆಸರು ಸಿಕ್ಕಿಕೊಂಡಿರುತ್ತದೆ. ಉಗುರಿಗೆ ಗುಂಡಿ ತಾಗಿದರೆ ಆ ಪೈಪು ಬದಲಿಸಿ. ತಾಮ್ರ ಮತ್ತು ನಿಕ್ಕಲ್ ಮಿಶ್ರಲೋಹದ ಬ್ರೇಕ್ ಪೈಪು ಸಿಕ್ಕಿದರೆ ಅದೇ ಹಾಕಿಸಿ, ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ತುದಿ ಮಡಚುವ ಕೆಲಸ ತಿಳಿದವರ ಕೈಯಲ್ಲಿ ಆಗಲಿ.

ಬ್ರೇಕ್ ಡಿಸ್ಕನ್ನು ಹಿಡಿಯುವ ಕ್ಯಾಲಿಪರಿನ ಜಾರು ಪಿನ್ನುಗಳಿಗೆ ಸಾಮಾನ್ಯ ಗ್ರೀಸ್ ಬೇಡ, ರಬ್ಬರು ಊದುತ್ತದೆ. ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಾಕಿ. ಮಳೆಗಾಲದಲ್ಲಿ ಕೆಲವು ದಿನ ಕಾರು ತೆಗೆಯುವುದಿಲ್ಲವಾದರೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡ ಕೊಡಿ. ಎಳೆದಿಟ್ಟರೆ ಶೂ ಡ್ರಮ್ಮಿಗೆ ಕಚ್ಚಿ ಕೂರುತ್ತದೆ.

ಎಂಜಿನ್, ಪೆಟ್ರೋಲು, ವಯರು

ವಾಲ್ವುಗಳನ್ನು ಪಿಸ್ಟನ್ನಿನ ಓಟಕ್ಕೆ ಹೊಂದಿಸುವ ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಅಂತ ದಾಖಲೆ ಇಲ್ಲದಿದ್ದರೆ ಇವತ್ತೇ ಹಳೇದು ಅಂತ ತಿಳಿದು ಬದಲಿಸಿ. ಹೋಂಡಾದ ಡಿ ಸರಣಿಯಂಥ ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಅಷ್ಟು ಬಿಚ್ಚಿದ ಮೇಲೆ ಟೆನ್ಷನರ್, ವಾಟರ್ ಪಂಪ್, ಕ್ಯಾಮ್ ಮತ್ತು ಕ್ರಾಂಕ್ ಸೀಲುಗಳೂ ಹೊಸದಾಗಲಿ.

ಎಂಜಿನ್ ಬಿಸಿಯಾಗುವ ತನಕ ಕೂಲಂಟನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟನ್ನು ತೆಗೆದು ಬಿಸಾಡುವ ಸಲಹೆಯನ್ನು ಹಳೇ ಗ್ಯಾರೇಜುಗಳಲ್ಲಿ ಇನ್ನೂ ಕೊಡುತ್ತಾರೆ. ಕೇಳಬೇಡಿ. ಎಂಜಿನ್ ಬಿಸಿಯಾಗದೆ ಓಡಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲಿನಲ್ಲಿ ಸೇರಿದ ನೀರು ಆವಿಯಾಗದೆ ಉಳಿಯುತ್ತದೆ, ಸಿಲಿಂಡರು ಸವೆಯುತ್ತದೆ. ಕಾರು ಕಾಯುತ್ತಿದ್ದರೆ ರೇಡಿಯೇಟರ್, ಅದರ ಮುಚ್ಚಳದ ರಬ್ಬರು, ಫ್ಯಾನ್ ಸ್ವಿಚ್ಚು ನೋಡಿ. ಕೂಲಂಟಿಗೆ ಬಾವಿ ನೀರು ಬೆರೆಸಬೇಡಿ, ಬ್ಯಾಟರಿ ನೀರು ಅಂತ ಮಾರುವ ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲಂಟ್ ಅರ್ಧ.

ಪೆಟ್ರೋಲಿನ ವಿಷಯದಲ್ಲಿ ಹಳೇ ಕಾರಿನವರಿಗೆ ಈಗ ಹೊಸ ಕೆಲಸ ಬಂದಿದೆ. ಪಂಪುಗಳಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಇರುವ ಪೆಟ್ರೋಲು. ಹತ್ತಿಪ್ಪತ್ತು ವರ್ಷದ ಹಿಂದಿನ ರಬ್ಬರ್ ಹೋಸುಗಳನ್ನು ಇದಕ್ಕೆಂದು ಮಾಡಿದ್ದಲ್ಲ. ಮೆತ್ತಗಾಗಿ ಊದುತ್ತವೆ, ಇಲ್ಲವಾದರೆ ಗಟ್ಟಿಯಾಗಿ ಸೀಳುತ್ತವೆ. ಟ್ಯಾಂಕಿನಿಂದ ಎಂಜಿನ್ ತನಕ ಇರುವ ಪ್ರತಿಯೊಂದು ರಬ್ಬರ್ ತುಂಡನ್ನೂ ಎಥನಾಲ್ ತಡೆಯುವ, ಇಂಜೆಕ್ಷನ್ ಒತ್ತಡಕ್ಕೆ ಮಾಡಿದ ಹೋಸಿಗೆ ಬದಲಿಸಿ. ಇಂಜೆಕ್ಟರಿನ ಓ ರಿಂಗುಗಳೂ ವೈಟಾನ್ (ಎಥನಾಲ್ ತಡೆಯುವ ರಬ್ಬರು) ಆಗಿರಲಿ. ಬಿಚ್ಚುವ ಮೊದಲು ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಒತ್ತಡ ಇಳಿಸಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಲ್ಲಿ ಇರಲಿ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಜಾಸ್ತಿ ನೀರು ಸೇರಿದರೆ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ನಿಲ್ಲಿಸಿಡುವ ಕಾರಿನ ಟ್ಯಾಂಕು ತುಂಬಿರಲಿ, ಒಳಗೆ ಗಾಳಿಗೆ ಜಾಗ ಕಡಿಮೆ ಇದ್ದಷ್ಟೂ ಒಳ್ಳೆಯದು. ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇರುವುದರಿಂದ ಮೈಲೇಜ್ ಸ್ವಲ್ಪ ಇಳಿದೇ ಇಳಿಯುತ್ತದೆ, ಅದನ್ನು ಎಂಜಿನ್ ದೋಷ ಅಂತ ಹುಡುಕುತ್ತಾ ಕೂರಬೇಡಿ.

ವಯರಿಂಗಿನಲ್ಲಿ ನಮ್ಮ ಕಡೆಯ ಅರ್ಧ ತೊಂದರೆಗಳು ಅರ್ತಿಂಗಿನವು, ಅಂದರೆ ಬ್ಯಾಟರಿಯ ಮೈನಸ್ಸನ್ನು ಬಾಡಿಗೂ ಎಂಜಿನ್ನಿಗೂ ಸೇರಿಸುವ ಪಟ್ಟಿಯವು. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಇಟ್ಟು ಸ್ಟಾರ್ಟ್ ಹೊಡೆಸಿ. 0.3 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ಪಟ್ಟಿ ಬಿಚ್ಚಿ, ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಇಲಿ ಕಚ್ಚಿದ ವಯರಿಗೆ ಬರೀ ಟೇಪು ಸುತ್ತಬೇಡಿ, ಬೆಸುಗೆ ಹಾಕಿ ಅಂಟು ಇರುವ ಹೀಟ್‌ಶ್ರಿಂಕ್ ಟ್ಯೂಬಿನಲ್ಲಿ ಮುಚ್ಚಿ.

ಸಸ್ಪೆನ್ಷನ್ ಬುಶ್ (ಕೀಲುಗಳಲ್ಲಿರುವ ರಬ್ಬರ್ ತುಂಡು) ಬದಲಿಸುವವರು ಒಂದು ನೆನಪಿಡಿ. ಬೋಲ್ಟುಗಳ ಕೊನೆಯ ಬಿಗಿ ಕಾರು ತನ್ನ ಚಕ್ರದ ಮೇಲೆ ನಿಂತ ಮೇಲೆಯೇ ಕೊಡಬೇಕು. ಚಕ್ರ ನೇತಾಡುತ್ತಿರುವಾಗ ಬಿಗಿದರೆ ರಬ್ಬರು ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಈಗ ತೂಕ

ಕಾರನ್ನು ವೇ ಬ್ರಿಜ್ಜಿಗೆ ತೆಗೆದುಕೊಂಡು ಹೋಗಿ. ಬೈಕಂಪಾಡಿ ಕಡೆ ಲಾರಿಗಳಿಗೆಂದು ಇರುವಂಥದ್ದೇ ಸಾಕು. ಮೊದಲು ಪೂರ್ತಿ ಕಾರು, ಆಮೇಲೆ ಮುಂದಿನ ಚಕ್ರ ಮಾತ್ರ ಮೇಲಿಟ್ಟು ಇನ್ನೊಮ್ಮೆ. ಸಣ್ಣ ಸಾಮಾನುಗಳನ್ನು ಮನೆಯ ತಕ್ಕಡಿಯಲ್ಲೋ ಲಗೇಜ್ ತೂಗುವ ಕೊಕ್ಕೆಯಲ್ಲೋ ತೂಗಿ ಬರೆಯಿರಿ.

ಮುಂದಿನ ಚಕ್ರದ ತೂಕ ಯಾಕೆ ಬೇಕು ಅಂದರೆ, ಮೇಲೆ ಹೇಳಿದ ಕಾರುಗಳೆಲ್ಲ ಮುಂದಿನ ಚಕ್ರ ಎಳೆಯುವಂಥವು, ಭಾರ ಮೊದಲೇ ಮುಂದೆ ಜಾಸ್ತಿ. ಸುಲಭವಾಗಿ ತೆಗೆಯಲಾಗುವ ಸಾಮಾನೆಲ್ಲ ಇರುವುದು ಹಿಂದೆ. ಹಿಂದಿನ ಸೀಟು, ಸ್ಪೇರ್ ಚಕ್ರ, ಡಿಕ್ಕಿಯ ಕಾರ್ಪೆಟ್ಟು ಎಲ್ಲ ತೆಗೆದರೆ ತೂಕ ಇಳಿಯುತ್ತದೆ ನಿಜ, ಆದರೆ ಹಿಂದಿನ ಚಕ್ರಕ್ಕೆ ನೆಲದ ಹಿಡಿತ ಕಡಿಮೆಯಾಗುತ್ತದೆ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡುವ ವ್ಯವಸ್ಥೆ) ಇಲ್ಲದ ಕಾರಿನಲ್ಲಿ ಒದ್ದೆ ಹೈವೇಯಲ್ಲಿ ಗಟ್ಟಿ ಬ್ರೇಕ್ ಹಿಡಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಬಾಲ ತಿರುಗಬಹುದು. ಹಾಗಾಗಿ ಮೊದಲು ಮುಂದಿನಿಂದ, ಆಮೇಲೆ ಚಕ್ರದಿಂದ, ಕೊನೆಗೆ ಹಿಂದಿನಿಂದ ಇಳಿಸಿ.

ಮುಂದೆ ಎಂತ ತೆಗೆಯುವುದು? ಬುಲ್ ಗಾರ್ಡ್ ಇದ್ದರೆ ಅದು ಮೊದಲು, ಅದಕ್ಕೆ ಕಾನೂನಿನಲ್ಲೂ ಅವಕಾಶ ಇಲ್ಲ. ಹೆಚ್ಚುವರಿ ಹಾರ್ನ್, ಉಪಯೋಗಕ್ಕಿಲ್ಲದ ಫಾಗ್ ಲೈಟು, ಹಳೇ ಅಲಾರಂ, ಡ್ಯಾಶ್‌ಬೋರ್ಡ್ ಅಡಿಯ ಸತ್ತ ವಯರುಗಳು. ಹಿಂದಿನ ಮಾಲೀಕರು ದೊಡ್ಡ ಬ್ಯಾಟರಿ ಹಾಕಿದ್ದರೆ ಕಂಪನಿ ಹೇಳಿದ ಅಳತೆಗೆ ವಾಪಸ್ ಬನ್ನಿ, ಕೆಲವು ಕೆ.ಜಿ. ಅಲ್ಲೇ ಸಿಗುತ್ತದೆ.

ಎಸಿ ತೆಗೆಯಬೇಡಿ. ತೆಗೆದರೆ ತೂಕ ಚೆನ್ನಾಗಿಯೇ ಇಳಿಯುತ್ತದೆ. ಆದರೆ ಜುಲೈ ಮಳೆಯಲ್ಲಿ ಪಡುಬಿದ್ರಿ ದಾಟುವಾಗ ಎದುರಿನ ಗಾಜು ಒಳಗಿನಿಂದ ಮಂಜಾದರೆ, ಬೇಗ ಒರೆಸುವುದು ಎಸಿಯ ಒಣ ಗಾಳಿ ಮಾತ್ರ. ಇಲ್ಲಿ ಎಸಿ ಸುಖಕ್ಕಲ್ಲ, ಕಣ್ಣು ಕಾಣುವುದಕ್ಕೆ.

ಚಕ್ರಕ್ಕೆ ಹಾಕಿದ ದುಡ್ಡು ಮಾತ್ರ ನಿಜಕ್ಕೂ ವಸೂಲು. ಅದು ಸುತ್ತುವ ಭಾರ, ಸ್ಪ್ರಿಂಗಿನ ಕೆಳಗಿನ ಭಾರ. ರಿಮ್ಮಿನಿಂದ ಇಳಿಸಿದ ಒಂದು ಕೆ.ಜಿ. ವೇಗ ಹಿಡಿಯುವಾಗ ಬಾಡಿಯಿಂದ ಇಳಿಸಿದ ಒಂದು ಕೆ.ಜಿ.ಗಿಂತ ಜಾಸ್ತಿ ಕೆಲಸ ಮಾಡುತ್ತದೆ, ಹೊಂಡದಲ್ಲಿ ಚಕ್ರ ನೆಲ ಬಿಡುವುದೂ ಕಡಿಮೆಯಾಗುತ್ತದೆ. ಅಲಾಯ್ ಅಂದ ಮಾತ್ರಕ್ಕೆ ಹಗುರ ಅಂತ ನಂಬಬೇಡಿ. ಅಂಗಡಿಗೆ ಕೊಕ್ಕೆ ತಕ್ಕಡಿ ತೆಗೆದುಕೊಂಡು ಹೋಗಿ, ನಿಮ್ಮ ಕಬ್ಬಿಣದ ರಿಮ್ಮಿನ ಪಕ್ಕದಲ್ಲೇ ತೂಗಿಸಿ. ಅಗ್ಗದ ಅಲಾಯ್ ಎಷ್ಟೋ ಸಲ ಕಬ್ಬಿಣಕ್ಕಿಂತ ಭಾರ ಇರುತ್ತದೆ. ಅಳತೆ ದೊಡ್ಡದು ಮಾಡಬೇಡಿ, ರಿಮ್ ದೊಡ್ಡದಾದಷ್ಟೂ ಭಾರ ಹೊರಕ್ಕೆ ಹೋಗುತ್ತದೆ. ಟಯರಿನ ಬದಿಯಲ್ಲಿ ನಾಲ್ಕು ಅಂಕೆ ನೋಡಿ. 2319 ಅಂದರೆ 2019ರ 23ನೇ ವಾರದ್ದು. ಟ್ರೆಡ್ ಎಷ್ಟೇ ಇದ್ದರೂ ಗಟ್ಟಿಯಾದ ಹಳೇ ರಬ್ಬರು ಮಳೆಯಲ್ಲಿ ಹಿಡಿಯುವುದಿಲ್ಲ.

ಫ್ಲೋರಿಗೆ ಅಂಟಿಸಿದ ಟಾರಿನ ಶಬ್ದ ತಡೆಯುವ ಹಾಳೆಗಳಲ್ಲಿ ಬಿರುಕು ಬಿಟ್ಟವನ್ನು ತೆಗೆಯಲೇಬೇಕು, ಅಡಿಯಲ್ಲಿ ನೀರು ಇರುತ್ತದೆ. ಹೀಟ್ ಗನ್ನಿನಲ್ಲಿ ಮೆತ್ತಗೆ ಮಾಡಿ, ಪ್ಲಾಸ್ಟಿಕ್ ಕೆರೆಕಡ್ಡಿಯಲ್ಲಿ ಎಬ್ಬಿಸಿ. ಪೇಂಟು ಸುಡುವಷ್ಟು ಬಿಸಿ ಬೇಡ, ಕಿಟಕಿ ಬಾಗಿಲು ತೆರೆದಿರಲಿ, ಅಡಿಯಲ್ಲಿ ಪೆಟ್ರೋಲ್ ಪೈಪು ಇರುವ ಕಡೆ ಹೀಟ್ ಗನ್ ಬೇಡವೇ ಬೇಡ. ಚೆನ್ನಾಗಿ ಅಂಟಿದ್ದನ್ನು ಹಾಗೇ ಬಿಡಿ. ಅದನ್ನೂ ಕಿತ್ತರೆ ಸಿಗುವುದು ಸ್ವಲ್ಪವೇ, ಕಾರಿನೊಳಗಿನ ಸದ್ದು ಮಾತ್ರ ತಲೆನೋವು ತರುವಷ್ಟು.

ಹಿಂದಿನ ಸೀಟು, ಸ್ಪೇರ್ ಚಕ್ರ ತೆಗೆಯುವುದು ಆಟೋಕ್ರಾಸ್ (ಮೈದಾನದಲ್ಲಿ ಸಮಯದ ಲೆಕ್ಕದ ಕಾರು ಸ್ಪರ್ಧೆ) ಅಥವಾ ಟ್ರ್ಯಾಕಿನ ದಿನಕ್ಕೆ ಇರಲಿ. ನಾಲ್ಕು ಬೋಲ್ಟಿನಲ್ಲಿ ಬಿಚ್ಚಿ ಹಾಕುವ ಹಾಗೆ ಬೋಲ್ಟುಗಳಿಗೆ ಗ್ರೀಸ್ ಸವರಿಟ್ಟುಕೊಳ್ಳಿ. ಚಾರ್ಮಾಡಿ ಹತ್ತುವ ದಿನ ಸ್ಪೇರ್ ಇಲ್ಲದೆ ಹೋಗಬೇಡಿ.

ಕೈ ಹಾಕಬಾರದ ಜಾಗಗಳೂ ಇವೆ. ಬಾಗಿಲಿನೊಳಗಿನ ಅಡ್ಡ ಕಂಬಿ, ಬಂಪರ್ ಹಿಂದಿನ ಕಬ್ಬಿಣ, ಸೀಟ್ ಬೆಲ್ಟ್, ಏರ್‌ಬ್ಯಾಗ್, ಹ್ಯಾಂಡ್‌ಬ್ರೇಕ್. ಬಾಡಿಗೆ ಡ್ರಿಲ್ಲಿನಲ್ಲಿ ತೂತು ಕೊರೆದು ತೂಕ ಇಳಿಸುವುದು ಬೇಡ, ನಮ್ಮ ಹವೆಯಲ್ಲಿ ಪ್ರತಿ ತೂತಿನ ಅಂಚೂ ತುಕ್ಕಿಗೆ ಬಾಗಿಲು. ಗಾಜಿನ ಬದಲು ಪ್ಲಾಸ್ಟಿಕ್ ಹಾಕಿದರೆ ರಸ್ತೆಗೆ ಇಳಿಸುವಂತಿಲ್ಲ.

ಕಾನೂನನ್ನೂ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ, ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಸೀಟುಗಳ ಸಂಖ್ಯೆಯೂ ಆರ್‌ಸಿಯಲ್ಲಿದೆ. ನಿಮ್ಮದು ಕೆಎ 19 ಇರಲಿ, ಕೆಎ 20 ಇರಲಿ, 15 ವರ್ಷ ದಾಟಿದ ಕಾರನ್ನು ನೋಂದಣಿ ನವೀಕರಣಕ್ಕೆ ತೋರಿಸಲೇಬೇಕು, ಆಮೇಲೂ ಐದೈದು ವರ್ಷಕ್ಕೊಮ್ಮೆ. ತೆಗೆದ ಯಾವ ಸಾಮಾನನ್ನೂ ಗುಜರಿಗೆ ಹಾಕದೆ, ಬೋಲ್ಟುಗಳ ಸಮೇತ ಚೀಟಿ ಅಂಟಿಸಿ ಒಣ ಜಾಗದಲ್ಲಿ ಇಡಿ.

ಜೋಡಿಸಿದ ಮೇಲೆ

ಮೊದಲು ಎಂಜಿನ್ ಆಫ್ ಇರುವಾಗಲೇ ಪೆಡಲ್ ಒತ್ತಿ ಒಂದು ನಿಮಿಷ ಹಿಡಿಯಿರಿ. ಮೆಲ್ಲಗೆ ಇಳಿದರೆ ಎಲ್ಲೋ ಸೋರಿಕೆ ಉಂಟು. ಆಮೇಲೆ ಅಂಗಳದಲ್ಲೇ ಮುಂದೆ ಹಿಂದೆ. ಆಮೇಲೆ ವಾಹನ ಕಡಿಮೆ ಇರುವ ಬೆಳಿಗ್ಗೆ ಹೊತ್ತಲ್ಲಿ ಒಳರಸ್ತೆ. ತೂಕ ಇಳಿದ ಕಾರಿನ ಎತ್ತರ ಸ್ವಲ್ಪ ಏರಿರುತ್ತದೆ, ವೀಲ್ ಅಲೈನ್‌ಮೆಂಟ್ ಬದಲಾಗಿರುತ್ತದೆ, ಮಾಡಿಸಿ. ಟಯರಿನ ಗಾಳಿಯನ್ನು ಕಂಪನಿ ಹೇಳಿದ ಮಟ್ಟದಿಂದಲೇ ಶುರುಮಾಡಿ. ಒದ್ದೆ ರಸ್ತೆಯಲ್ಲಿ ಬ್ರೇಕಿನ ನಡವಳಿಕೆ ತಿಳಿಯದೆ ಘಾಟಿಗೆ ಹೋಗಬೇಡಿ. ಹಿಂದೆ ಮುಂದೆ ಯಾರೂ ಇಲ್ಲದ ಖಾಲಿ ಜಾಗದಲ್ಲಿ, ನಿಧಾನ ವೇಗದಲ್ಲಿ ಗಟ್ಟಿ ಬ್ರೇಕ್ ಹಿಡಿದು ನೋಡಿ. ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತಿದ್ದರೆ ಹಿಂದಿನ ಸೀಟು ವಾಪಸ್ ಹಾಕಿ.

ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಬಿಗಿಯಿರಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್, ನಿಮ್ಮ ಕಾರಿನ ಸರಿಯಾದ ಲೆಕ್ಕ ಮ್ಯಾನುಯಲ್ಲಿನಲ್ಲಿದೆ. 100 ಕಿಲೋಮೀಟರ್ ಓಡಿದ ಮೇಲೆ ಆ ನಟ್ಟುಗಳನ್ನೂ, ಬಿಚ್ಚಿ ಹಾಕಿದ ಸಸ್ಪೆನ್ಷನ್ ಬೋಲ್ಟುಗಳನ್ನೂ ಮತ್ತೆ ಒಮ್ಮೆ ರೆಂಚಿನಲ್ಲಿ ನೋಡಿ. ಹೊಸ ಅಲಾಯ್ ಹಾಕಿದ್ದರೆ ಇದನ್ನು ಬಿಡಲೇಬೇಡಿ. ಮೊದಲ ಕೆಲವು ದಿನ ಬೆಳಿಗ್ಗೆ ಕಾರು ತೆಗೆಯುವ ಮೊದಲು ಅದು ನಿಂತ ನೆಲವನ್ನೂ ಬ್ರೇಕ್ ಆಯಿಲ್ ಡಬ್ಬಿಯ ಮಟ್ಟವನ್ನೂ ಒಮ್ಮೆ ನೋಡಿ.